ಹಾಕಿಗೆ ಯಾರೂ ಕೇಳದ ಪ್ರಶ್ನೆ

ಮಡಿಕೇರಿ ದಸರಾ ಅಂದರೆ ಹೊರಗಿನವರಿಗೆ ವಿಜಯದಶಮಿಯ ರಾತ್ರಿ ಮಾತ್ರ ಗೊತ್ತು. ಹತ್ತು ದೇವಸ್ಥಾನಗಳ ಹತ್ತು ಮಂಟಪ (ಪುರಾಣದ ಕತೆ ಹೇಳುವ, ಚಲಿಸುವ ಗೊಂಬೆಗಳ ಸ್ತಬ್ಧಚಿತ್ರ), ಬೆಳಗಿನ ಜಾವದ ತನಕ ಲೈಟು, ಹೊಗೆ, ಎದೆ ನಡುಗಿಸುವ ಸೌಂಡು. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಆಗುವುದು ಗಾಂಧಿ ಮೈದಾನದಲ್ಲಿ ನಡೆಯುವ ಮಕ್ಕಳ ದಸರಾ. ಅಲ್ಲಿ ಮಕ್ಕಳೇ ಸಂತೆ ಹಾಕುತ್ತಾರೆ. ಹಿತ್ತಲಿನ ಸೊಪ್ಪು, ಬಾಳೆಹಣ್ಣು ತಂದು ದೊಡ್ಡವರ ಹಾಗೆಯೇ ಚೌಕಾಸಿ ಮಾಡುತ್ತಾರೆ. ಛದ್ಮವೇಷ ಇರುತ್ತದೆ. ಮಕ್ಕಳು ಕಟ್ಟಿದ ಪುಟ್ಟ ಪುಟ್ಟ ಮಂಟಪಗಳೂ ಇರುತ್ತವೆ.

ಆ ಪುಟ್ಟ ಮಂಟಪಗಳನ್ನು ಮುಂದಿನಿಂದ ನೋಡಬಾರದು, ಹಿಂದೆ ಹೋಗಿ ನೋಡಬೇಕು. ಮುಂದೆ ದೇವಿ, ಮಹಿಷಾಸುರ, ಹತ್ತಿಯಲ್ಲಿ ಮಾಡಿದ ಮೋಡ. ಹಿಂದೆ ರಟ್ಟಿನ ಪೆಟ್ಟಿಗೆ, ಸೈಕಲ್ ಬ್ರೇಕಿನ ವಯರು, ಆಟಿಕೆ ಕಾರಿನಿಂದ ಕಿತ್ತ ಮೋಟರು, ಒಂದು ಕಟ್ಟು ರಬ್ಬರ್ ಬ್ಯಾಂಡು. ಒಂದು ಸಲ ನಾನು ನೋಡುವಾಗ ಅಸುರನ ಕೈ ಮೇಲೇಳುತ್ತಿರಲಿಲ್ಲ. ಆರನೇ ಏಳನೇ ತರಗತಿಯ ನಾಲ್ಕೈದು ಹುಡುಗರು ಅದರ ಸುತ್ತ ಕುಕ್ಕರುಗಾಲಲ್ಲಿ ಕೂತು ಜಗಳ ಆಡುತ್ತಿದ್ದರು. ಒಬ್ಬ, ಮುಷ್ಟಿಗೆ ಜೇಡಿಮಣ್ಣು ಹಾಕಿದ್ದೇ ತಪ್ಪು, ಭಾರ ಆಯ್ತು, ಥರ್ಮಾಕೋಲ್‌ನಲ್ಲಿ ಮಾಡೋಣ ಅಂದ. ಇನ್ನೊಬ್ಬ, "ಮುಷ್ಟಿ ಇರಲಿ ಮಾರಾಯ, ವಯರನ್ನ ಭುಜದ ಹತ್ರ ಕಟ್ಟಿದ್ದೀಯಲ್ಲ, ಮೊಣಕೈ ಹತ್ರ ಕಟ್ಟು" ಅಂದ. ಕಟ್ಟಿದರು. ಕೈ ಎದ್ದಿತು. ಎದ್ದದ್ದು ಕೆಳಗೆ ಬರಲಿಲ್ಲ. ಅಸುರ ಟ್ರಾಫಿಕ್ ಪೊಲೀಸಿನವರ ಹಾಗೆ ಕೈ ಎತ್ತಿಕೊಂಡೇ ನಿಂತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಯಾರೋ ಕಂಕುಳ ಕೆಳಗೆ ರಬ್ಬರ್ ಬ್ಯಾಂಡ್ ಬಿಗಿದರು. ಕೈ ಮೇಲೆ ಹೋಗಿ ಕೆಳಗೆ ಬಂತು. ದೊಡ್ಡವರು ಯಾರೂ ಬಾಯಿ ಹಾಕಲಿಲ್ಲ. ಪುಣ್ಯಕ್ಕೆ ಮೇಷ್ಟ್ರೂ ಅಲ್ಲಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ನಾನು ಕಂಡ ಒಳ್ಳೆಯ ಕಲಾ ತರಗತಿ ಅದು. ವರ್ಷಕ್ಕೊಮ್ಮೆ, ಅದೂ ಶಾಲೆಯ ಹೊರಗೆ.

ಶಾಲೆಯ ಒಳಗೆ ಹೇಗಿದೆ ಅಂತ ಹತ್ತಿರದಿಂದ ನೋಡುವ ಅವಕಾಶ ನನಗಿದೆ. ಸಿದ್ದಾಪುರದ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಮಗಳು ಓದುತ್ತಿದ್ದಾಳೆ, ನಾನು ಅಲ್ಲಿನ ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರು ಸೇರಿ ಶಾಲೆಯ ಆಗುಹೋಗು ನೋಡಿಕೊಳ್ಳುವ ಸಮಿತಿಯಲ್ಲಿದ್ದೇನೆ. ಟೈಮ್‌ಟೇಬಲ್‌ನಲ್ಲಿ 'ಕಲಾ ಶಿಕ್ಷಣ' ಅಂತ ಇದೆ. ವಾರದ ಕೊನೆಯಲ್ಲಿ, ದಿನದ ಕೊನೆಯ ಪೀರಿಯಡ್. ಹೆಚ್ಚಿನ ವಾರ ಅದರಲ್ಲಿ ಗಣಿತ ನಡೆಯುತ್ತದೆ. ಮೇಷ್ಟ್ರನ್ನು ಬೈಯುವಂತಿಲ್ಲ. ಜುಲೈ, ಆಗಸ್ಟ್ ಬಂತೆಂದರೆ ನಮ್ಮಲ್ಲಿ ಮಳೆ ರಜೆ. ಜಿಲ್ಲಾಧಿಕಾರಿ ಒಂದು ದಿನ ರಜೆ ಕೊಟ್ಟರೆ ಮಕ್ಕಳಿಗೆ ಹಬ್ಬ, ಟೀಚರಿಗೆ ಪೋರ್ಷನ್ ಚಿಂತೆ. ಬಿಟ್ಟುಹೋದ ಪಾಠವನ್ನು ಎಲ್ಲಿ ತುಂಬಿಸುವುದು? ಮೊದಲು ಹೋಗುವುದು ಡ್ರಾಯಿಂಗ್, ಆಮೇಲೆ ಪಿಟಿ. ಪಿಟಿ ಹೋದರೆ ಮಕ್ಕಳು ಗಲಾಟೆ ಮಾಡುತ್ತಾರೆ, ಹಾಗಾಗಿ ಅದನ್ನು ಮುಟ್ಟಲು ಸ್ವಲ್ಪ ಹೆದರಿಕೆ. ಡ್ರಾಯಿಂಗ್ ಹೋದರೆ ಕೇಳುವವರಿಲ್ಲ.

ಡ್ರಾಯಿಂಗ್ ಮೇಷ್ಟ್ರು ಯಾಕಿಲ್ಲ ಅಂತ ಒಂದು ಸಭೆಯಲ್ಲಿ ಕೇಳಿದೆ. ಉತ್ತರ ಕಾನೂನಿನಲ್ಲೇ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೇ ತರಗತಿಗಳಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಇರಬೇಕು. ನೂರಕ್ಕಿಂತ ಜಾಸ್ತಿ! ಕೊಡಗಿನಲ್ಲಿ! 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ಇಡೀ ಕರ್ನಾಟಕದಲ್ಲಿ ಇಷ್ಟು ಕಡಿಮೆ ಜನ ಬೇರೆ ಯಾವ ಜಿಲ್ಲೆಯಲ್ಲೂ ಇಲ್ಲ. ತೋಟದ ನಡುವೆ ಅಲ್ಲೊಂದು ಮನೆ, ಇಲ್ಲೊಂದು ಲೈನ್ ಮನೆ (ತೋಟದ ಕೂಲಿಯವರ ಸಾಲು ಮನೆ). ಅನುಕೂಲ ಇದ್ದವರ ಮಕ್ಕಳು ಹಳದಿ ವ್ಯಾನ್ ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. ಉಳಿದ ಮಕ್ಕಳನ್ನು ಲೆಕ್ಕ ಹಾಕಿದರೆ ಮೂರು ತರಗತಿ ಸೇರಿ ನೂರು ಎಲ್ಲಿಂದ ಬರಬೇಕು? ಬಯಲುಸೀಮೆಯ ದೊಡ್ಡ ಊರಿಗೆ ಸರಿ ಹೋಗುವ ಲೆಕ್ಕ ಬೆಟ್ಟದ ಊರಿಗೆ ಬಂದರೆ ಹೀಗೇ ಆಗುವುದು. ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಯಾವ ಮಕ್ಕಳಿಗೆ ಮನೆಯಲ್ಲಿ ಒಂದು ಬಣ್ಣದ ಪೆಟ್ಟಿಗೆ ಇಲ್ಲವೋ, ಶಾಲೆಯಲ್ಲೂ ಬಣ್ಣ ಸಿಗದೆ ಹೋಗುವುದು ಅವರಿಗೇ.

ಒಂದರಿಂದ ಮೂರನೇ ತರಗತಿಯವರೆಗೆ ಪರವಾಗಿಲ್ಲ. ನಲಿ-ಕಲಿ ಇದೆ. ಅದು ಹುಟ್ಟಿದ್ದು ನಮ್ಮ ನಾಗರಹೊಳೆ ಕಾಡಿನ ಆಚೆ ಬದಿಯಲ್ಲೇ, 1995ರಲ್ಲಿ, ಹೆಗ್ಗಡದೇವನಕೋಟೆ ತಾಲೂಕಿನಲ್ಲಿ. ಹಾಡು, ಕುಣಿತ, ಕಾರ್ಡು, ಚಿತ್ರ ಎಲ್ಲ ಪಾಠದ ಒಳಗೇ ಬರುತ್ತವೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಹಾಡು ನಿಲ್ಲುತ್ತದೆ, ಬೆಂಚು ಸಾಲಾಗುತ್ತದೆ. ಒಂಬತ್ತು ವರ್ಷದ ಮಗುವಿಗೆ ಏಕಾಏಕಿ ಕುಣಿಯುವ ಆಸೆ ಹೋಗಿರುತ್ತದಾ?

ಈಗ ಹಾಕಿ ವಿಷಯಕ್ಕೆ ಬರುತ್ತೇನೆ. ಕೊಡಗಿನವರ ಹತ್ತಿರ ಏನು ಮಾತಾಡಿದರೂ ಹಾಕಿ ಬರದೆ ಇರುತ್ತದಾ!

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯ ಶುರು ಮಾಡಿದಾಗ 60 ಕುಟುಂಬಗಳು ಬಂದಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ಅಜ್ಜ, ಮೊಮ್ಮಗಳು, ಸೊಸೆ ಎಲ್ಲ ಒಂದೇ ತಂಡದಲ್ಲಿ. ಗೌಡ ಕುಟುಂಬಗಳಿಗೆ ಇದೇ ಥರ ಕ್ರಿಕೆಟ್ ಇದೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಎಂ.ಎಂ. ಸೋಮಯ್ಯ ಇದ್ದರು. ಕೂಡಿಗೆಯಲ್ಲಿ ಕ್ರೀಡಾಶಾಲೆ ಇದೆ. ಇಷ್ಟು ಸಣ್ಣ ಜಿಲ್ಲೆ ಇಷ್ಟೊಂದು ಆಟಗಾರರನ್ನು ಕೊಟ್ಟಿದ್ದು ಹೇಗೆ ಅಂತ ಹೊರಗಿನವರು ಕೇಳಿದರೆ, "ನಮ್ಮ ರಕ್ತದಲ್ಲೇ ಇದೆ" ಅಂತ ಮೀಸೆ ತಿರುವುತ್ತೇವೆ. ರಕ್ತ ಗಿಕ್ತ ಏನಿಲ್ಲ. ಮೈದಾನ ಇತ್ತು. ಸ್ಟಿಕ್ ಕೊಡಿಸುವ ಮಾವ ಇದ್ದರು. ಸಂಜೆ ಹೊತ್ತು ಕಲಿಸಲು ಯಾರೋ ರಿಟೈರ್ಡ್ ಹವಾಲ್ದಾರರು ಬಂದು ನಿಲ್ಲುತ್ತಿದ್ದರು. ಆಡುವಾಗ ನೋಡಲು ಊರೇ ಬರುತ್ತಿತ್ತು. ಜಾಗ, ಸಾಮಾನು, ಕಲಿಸುವವರು, ನೋಡುವವರು. ಈ ನಾಲ್ಕು ಸಿಕ್ಕಿದರೆ ಯಾವ ಊರಲ್ಲೂ ಯಾವ ವಿದ್ಯೆಯೂ ಬೆಳೆಯುತ್ತದೆ.

ನಾನು ಗಮನಿಸಿದ್ದು ಇನ್ನೊಂದು. ಇಷ್ಟು ವರ್ಷದಲ್ಲಿ ಯಾವ ಅಪ್ಪನೂ, ಹಾಕಿ ಆಡಿದರೆ ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತಾ ಅಂತ ಕೇಳಿದ್ದನ್ನು ನಾನು ಕೇಳಿಲ್ಲ. ಮಗು ಆಡುತ್ತದೆ, ಬೆವರುತ್ತದೆ, ಸೋಲುತ್ತದೆ, ಮತ್ತೆ ಹೋಗುತ್ತದೆ. ಅಷ್ಟು ಸಾಕು. ಆದರೆ ಚಿತ್ರ ಬಿಡಿಸುತ್ತೇನೆ, ನಾಟಕ ಮಾಡುತ್ತೇನೆ ಅಂತ ಅದೇ ಮಗು ಬಂದರೆ ಮೊದಲ ಪ್ರಶ್ನೆಯೇ "ಇದರಿಂದ ಏನು ಉಪಯೋಗ?"

ಕಲೆಯ ಪರವಾಗಿ ಮಾತಾಡುವವರೂ ಈ ಪ್ರಶ್ನೆಗೆ ಹೆದರಿ ಏನೇನೋ ಹೇಳುತ್ತಾರೆ. ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದೆ, ಚಿತ್ರ ಬಿಡಿಸಿದರೆ ಮಾರ್ಕ್ಸ್ ಏರುತ್ತದೆ, ಹೀಗೆ. ಮೊಜಾರ್ಟ್ ಸಂಗೀತದ ಕತೆ ನಿಮಗೂ ವಾಟ್ಸಾಪಿನಲ್ಲಿ ಬಂದಿರಬಹುದು. 1993ರಲ್ಲಿ ಅಮೆರಿಕದಲ್ಲಿ 36 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ ಅದು. ಸಂಗೀತ ಕೇಳಿದ ಮೇಲೆ ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ನೋಡುವಂಥ ಒಂದು ಕೆಲಸದಲ್ಲಿ ಅವರು ಸ್ವಲ್ಪ ಚೆನ್ನಾಗಿ ಮಾಡಿದರು. ಆ ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಅದನ್ನೇ ಹಿಗ್ಗಿಸಿ ಹೊಟ್ಟೆಯೊಳಗಿನ ಮಗುವಿಗೂ ಸಿ.ಡಿ. ಮಾರಿದರು. 2000ದಲ್ಲಿ ಹಾರ್ವರ್ಡ್‌ನ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಕಲೆ ಕಲಿತರೆ ಬೇರೆ ವಿಷಯಗಳಲ್ಲಿ ಮಾರ್ಕ್ಸ್ ಏರುತ್ತದೆ ಅನ್ನಲು ಗಟ್ಟಿ ಆಧಾರ ತುಂಬಾ ಕಡಿಮೆ ಅಂತ ಬರೆದರು. ಇಬ್ಬರೂ ಕಲಾ ಶಿಕ್ಷಣದ ಪರ ಇರುವವರೇ. ಅವರ ಕಡೆಯವರಿಗೇ ಸಿಟ್ಟು ಬಂತು. ನನಗೆ ಮಾತ್ರ ಅವರು ಹಾಗೆ ನೇರವಾಗಿ ಹೇಳಿದ್ದು ಇಷ್ಟವಾಯಿತು.

ಹಾಗಂತ ಏನೂ ಆಗುವುದಿಲ್ಲ ಅಂತಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 42 ಶಾಲೆಗಳ 10 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಯಾವ ಶಾಲೆಗೆ ಕಲಾವಿದರನ್ನು ಕಳಿಸಬೇಕು, ಯಾವುದಕ್ಕೆ ಬೇಡ ಅಂತ ಲಾಟರಿ ಎತ್ತಿದ್ದರು. ಹಾಗಾಗಿ ಚೆನ್ನಾಗಿರುವ ಶಾಲೆಗೇ ಕಲೆ ಸಿಕ್ಕಿತು ಅನ್ನುವ ಹಾಗಿಲ್ಲ. ಕಲಾವಿದರು ಹೋದ ಶಾಲೆಗಳಲ್ಲಿ, ಮಕ್ಕಳ ಮೇಲೆ ಶಿಸ್ತುಕ್ರಮ ಕೈಗೊಳ್ಳಬೇಕಾಗಿ ಬಂದ ಪ್ರಮಾಣ 3.6 ಶೇಕಡಾ ಅಂಶದಷ್ಟು ಇಳಿಯಿತು. ಬರವಣಿಗೆಯ ಪರೀಕ್ಷೆಯಲ್ಲಿ ಅಂಕ ಏರಿತು. ಬೇರೆಯವರ ಕಷ್ಟಕ್ಕೆ ಮರುಗುವ ಗುಣವೂ ಸ್ವಲ್ಪ ಏರಿತು. ಗಣಿತ, ವಿಜ್ಞಾನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಇಳಿಯಲೂ ಇಲ್ಲ. ಬೇರೆಯವರಿಗೆ ಮರುಗುವ ಮಗು ಬೇಕಾ ಬೇಡವಾ ಅನ್ನುವುದನ್ನು ನಾವೇ ಹೇಳಬೇಕು. ಅದಕ್ಕೆ ಯಾವ ಅಧ್ಯಯನವೂ ಬೇಕಿಲ್ಲ.

ಅಮೆರಿಕ ಬಿಡಿ. ನಮ್ಮ ಶಾಲೆಗೇ ಬರೋಣ.

ಕಳೆದ ವರ್ಷ ನಮ್ಮ ಶಾಲೆಗೆ ಒಬ್ಬ ಅತಿಥಿ ಶಿಕ್ಷಕಿ ಬಂದಿದ್ದರು. ವಿಜ್ಞಾನಕ್ಕೆ ಬಂದವರು, ಚಿತ್ರಕಲೆಗೆ ಅಲ್ಲ. ಆದರೆ ಕೊನೆಯ ಪೀರಿಯಡ್ ಇವರಿಗೆ ಸಿಕ್ಕಿತು, ಇವರು ಅದನ್ನು ಬಿಟ್ಟುಕೊಡಲಿಲ್ಲ. ಮೊದಲ ದಿನ ಐದನೇ ತರಗತಿಗೆ "ಬೆಟ್ಟದ ಚಿತ್ರ ಬಿಡಿಸಿ" ಅಂದರು. ಎಲ್ಲರೂ ಬಿಡಿಸಿದರು. ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಕೆಳಗೆ ಒಂದು ನದಿ, ದಡದಲ್ಲಿ ಗುಡಿಸಲು, ಪಕ್ಕದಲ್ಲಿ ತೆಂಗಿನಮರ, ಮೇಲೆ ಟಿಕ್ ಮಾರ್ಕ್ ಥರದ ಹಕ್ಕಿಗಳು. ನೀವೂ ಇದನ್ನೇ ಬಿಡಿಸಿದ್ದೀರಿ, ನಾನೂ ಇದನ್ನೇ ಬಿಡಿಸಿದ್ದೇನೆ. ಕಿಟಕಿಯ ಆಚೆ ನಿಜವಾದ ಬೆಟ್ಟ ನಿಂತಿದೆ. ಅದಕ್ಕೆ ಚೂಪು ತುದಿ ಇಲ್ಲ. ಗುಡಿಸಲು, ತೆಂಗಿನಮರ ಯಾವುದೂ ಇಲ್ಲ. ಕೊಡಗಿನ ಮಕ್ಕಳು ಬೆಟ್ಟದ ಮೇಲೇ ಕೂತು, ಎಲ್ಲೂ ಇಲ್ಲದ ಬೆಟ್ಟ ಬಿಡಿಸುತ್ತಾರೆ!

ಟೀಚರ್ ಬೈಯಲಿಲ್ಲ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಜಗಲಿಯಲ್ಲಿ ಕೂರಿಸಿ, "ಐದು ನಿಮಿಷ ಸುಮ್ನೆ ನೋಡಿ, ಪೆನ್ಸಿಲ್ ಮುಟ್ಟಬೇಡಿ" ಅಂದರು. ಐದು ನಿಮಿಷ ಅಂದರೆ ಮಕ್ಕಳಿಗೆ ಒಂದು ಯುಗ. ಮೊದಲು ತಳ್ಳಾಟ, ಕಿಸಕಿಸ ನಗು. ಆಮೇಲೆ ಒಬ್ಬ, "ಟೀಚರ್, ಬೆಟ್ಟ ಹಸಿರಿಲ್ಲ, ನೀಲಿ ಇದೆ" ಅಂದ. ಇನ್ನೊಬ್ಬಳು, "ಹತ್ರದ್ದು ಹಸಿರು, ದೂರದ್ದು ನೀಲಿ" ಅಂದಳು. ಸಿಲ್ವರ್ ಓಕ್ ಮರ ನೆಟ್ಟಗಿದೆ, ಹಾಲುವಾಣ ಡೊಂಕು, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯಿಂದಾಗಿ ಕಾಂಡವೇ ಕಾಣುತ್ತಿಲ್ಲ, ಹೀಗೆ ಒಂದೊಂದೇ ಹೊರಗೆ ಬಂತು. ಅಷ್ಟರಲ್ಲಿ ಮಂಜು ಇಳಿಯಿತು. ಬೆಟ್ಟ ಅರ್ಧ ಮಾಯ.

ಆಗ ನಿಜವಾದ ತೊಂದರೆ ಶುರುವಾಯಿತು. ಮಂಜಿಗೆ ಯಾವ ಬಣ್ಣ? ಹನ್ನೆರಡು ಕ್ರೆಯಾನ್ಸಿನ ಪೆಟ್ಟಿಗೆಯಲ್ಲಿ ಮಂಜು ಇಲ್ಲ. ಬಿಳಿ ಹಚ್ಚಿದರೆ ಬಿಳಿ ಹಾಳೆಯಲ್ಲಿ ಕಾಣುವುದಿಲ್ಲ. ಒಬ್ಬಳು ಸೀಮೆಸುಣ್ಣದ ಪುಡಿ ಉಜ್ಜಿದಳು. ಒಬ್ಬ ಮೊದಲು ಬೆಟ್ಟ ಪೂರ್ತಿ ಬಿಡಿಸಿ, ಆಮೇಲೆ ರಬ್ಬರಿನಿಂದ ಅರ್ಧ ಅಳಿಸಿದ. ಅಳಿಸಿದ ಕಡೆ ಪೆನ್ಸಿಲ್ ಮಾಸಿ ಬೂದುಬೂದಾಗಿ ಉಳಿಯಿತಲ್ಲ, ಅದೇ ಮಂಜು. ಅದನ್ನು ನೋಡಿದವರೆಲ್ಲ ಅವನ ರಬ್ಬರಿಗೆ ಮುಗಿಬಿದ್ದರು. ಆ ಹುಡುಗ ಓದುವುದರಲ್ಲಿ ಹಿಂದೆ, ಲೈನ್ ಮನೆಯವನು. ಅವತ್ತು ಒಂದು ಪೀರಿಯಡ್ ತರಗತಿಗೆಲ್ಲ ಅವನೇ ಮೇಷ್ಟ್ರು.

ಮುಂದಿನ ವಾರ ಟೀಚರ್ ಕಾಫಿ ಡಿಕಾಕ್ಷನ್ ತಂದರು. ಬಣ್ಣ ಕೊಳ್ಳಲು ದುಡ್ಡಿಲ್ಲ ಅಂತ. ತೆಳು ಡಿಕಾಕ್ಷನ್ನಿಗೆ ಒಂದು ಕಂದು, ಗಟ್ಟಿಗೆ ಇನ್ನೊಂದು, ಒಣಗಿದ ಮೇಲೆ ಮತ್ತೆ ಹಚ್ಚಿದರೆ ಮೂರನೆಯದು. ಅರಿಶಿನ, ಇದ್ದಿಲು, ಗೋಡೆ ಬದಿಯ ಕೆಂಪು ಮಣ್ಣು. ಬ್ರಷ್ ಸಾಲಲಿಲ್ಲ, ಅಡಿಕೆ ಸಿಪ್ಪೆಯ ನಾರು ಕಟ್ಟಿದರು. ಕಾಫಿ ನಾಡಿನ ಮಕ್ಕಳು ಕಾಫಿಯಲ್ಲಿ ಚಿತ್ರ ಬಿಡಿಸಿದರು ಅಂತ ಪೇಪರಿನಲ್ಲಿ ಹಾಕಬಹುದಾದ ಸುದ್ದಿ. ಯಾರೂ ಹಾಕಲಿಲ್ಲ, ಒಳ್ಳೆಯದೇ ಆಯಿತು.

ಚಿತ್ರ ಬಿಡಿಸುವುದು ಯಾಕೆ ಬೇಕು ಅಂತ ತೋಟದವರಿಗೆ ನಾನು ಹೇಳುವ ರೀತಿ ಬೇರೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದಿದ್ದರೆ ಕಾಂಡದ ಮೇಲೆ ಸಣ್ಣಗೆ ಉಬ್ಬಿದ ಗೆರೆ ಕಾಣುತ್ತದೆ. ಕಾಯಿಕೊರಕ ಆದರೆ ಹಣ್ಣಿನ ತುದಿಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು. ನೋಡಲು ಗೊತ್ತಿದ್ದವರಿಗೆ ಮೊದಲೇ ಸಿಗುತ್ತದೆ, ಗೊತ್ತಿಲ್ಲದವರಿಗೆ ಗಿಡ ಹಳದಿಯಾದ ಮೇಲೆ. ಈ ನೋಡುವುದನ್ನು ನಮ್ಮ ಅಜ್ಜಂದಿರು ತೋಟ ತಿರುಗಿ ಕಲಿತರು. ಮೊಬೈಲ್ ಹಿಡಿದ ಮೊಮ್ಮಕ್ಕಳು ಎಲ್ಲಿ ಕಲಿಯಬೇಕು? ಒಂದು ಎಲೆಯನ್ನು ಅರ್ಧ ಗಂಟೆ ನೋಡಿ ಅದರ ನರನರ ಬಿಡಿಸಿದ ಮಗು ಗಿಡದ ಹತ್ತಿರ ಹೋದಾಗ ನೋಡುವ ರೀತಿಯೇ ಬೇರೆ ಇರುತ್ತದೆ. ಇದು ನನ್ನ ಅನುಭವದ ಮಾತು. ಇಷ್ಟು ಹೇಳಿದರೆ ಎಂಥ ಮುಂಗೋಪಿ ಸಾಹುಕಾರರೂ ಸ್ವಲ್ಪ ತಲೆ ಆಡಿಸುತ್ತಾರೆ.

ನಮ್ಮ ಶಾಲೆಯ ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಈಗ ತೋಟದ ಕೆಲಸಕ್ಕೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬರುವ ಕುಟುಂಬಗಳು ಜಾಸ್ತಿ. ಮಕ್ಕಳೂ ಬರುತ್ತಾರೆ. ನವೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದಾಗ ಸೇರಿಕೊಂಡು, ಮಾರ್ಚಿನಲ್ಲಿ ಎಷ್ಟೋ ಸಲ ಹೇಳದೆ ಕೇಳದೆ ಹೋಗಿಬಿಡುತ್ತಾರೆ. ಕನ್ನಡ ಒಂದಕ್ಷರ ಬರುವುದಿಲ್ಲ. ತರಗತಿಯಲ್ಲಿ ಎಲ್ಲರೂ ಮೂರರ ಮಗ್ಗಿ ಹೇಳುವಾಗ ಇವರು ಬಾಯಿ ಆಡಿಸುತ್ತಾರೆ ಅಷ್ಟೆ. ಅಂಥ ಒಬ್ಬ ಹುಡುಗ ಡ್ರಾಯಿಂಗ್ ಪೀರಿಯಡ್‌ನಲ್ಲಿ ರೈಲು ಬಿಡಿಸಿದ. ಒಂದು ಹಾಳೆ ಸಾಲಲಿಲ್ಲ, ಪಕ್ಕದವಳ ಹಾಳೆ ಅಂಟಿಸಿಕೊಂಡ, ಇನ್ನೊಂದು ಅಂಟಿಸಿದ. ನಮ್ಮ ಕೊಡಗಿಗೆ ರೈಲೇ ಇಲ್ಲ. ಎಷ್ಟೋ ಮಕ್ಕಳು ರೈಲು ಕಂಡಿಲ್ಲ. ಸುತ್ತ ಸೇರಿದರು. "ಇದೇನೋ?" ಅಂತ ಒಂದು ಬೋಗಿಯ ಕೊನೆಯ ಸಣ್ಣ ಕಿಟಕಿ ತೋರಿಸಿದರು. ಅವನು ಮೂಗು ಮುಚ್ಚಿಕೊಂಡು ತೋರಿಸಿದ. ಕಕ್ಕಸು! ತರಗತಿಯೇ ಕುಣಿದಾಡಿತು. ಆಮೇಲೆ ಚಕ್ರ, ಬಾಗಿಲು, ಮಲಗುವ ಬರ್ತು, ಚಾಯ್‌ವಾಲ, ಒಂದೊಂದಕ್ಕೂ ಇವರು ಕನ್ನಡ ಹೇಳುವುದು, ಅವನು ಅವನ ಮಾತು ಹೇಳುವುದು. ಎರಡು ತಿಂಗಳು ಆಗದ್ದು ನಲವತ್ತು ನಿಮಿಷದಲ್ಲಿ ಆಯಿತು. ಮಾರ್ಚಿನಲ್ಲಿ ಅವನೂ ಹೋದ. ಆ ರೈಲು ಇನ್ನೂ ಗೋಡೆಯ ಮೇಲಿದೆ, ತೇವಕ್ಕೆ ಒಂದು ಬದಿ ಬಿಟ್ಟುಕೊಂಡಿದೆ.

ಹಾಡಿಯ, ಅಂದರೆ ಕಾಡಂಚಿನ ಆದಿವಾಸಿ ಕೇರಿಯ ಮಕ್ಕಳ ಬಗ್ಗೆ ಬರೆಯಲು ಸ್ವಲ್ಪ ಹಿಂಜರಿಕೆ. ಯಾಕೆಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಅವರು ಹುಟ್ಟಾ ಕಲಾವಿದರು, ಕುಣಿತ ಅವರ ರಕ್ತದಲ್ಲೇ ಇದೆ." ಮತ್ತೆ ರಕ್ತ! ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ ನೋಡಿದವರಿಗೆ ಗೊತ್ತು. ಜೇನುಕುರುಬರು, ಎರವರು ಸೋರೆಬುರುಡೆ, ಹಳೇ ತಗಡು, ಪ್ಲಾಸ್ಟಿಕ್ ಡ್ರಮ್ಮು, ಗೋಣಿಚೀಲ, ಕೈಗೆ ಸಿಕ್ಕಿದ್ದನ್ನೆಲ್ಲ ವೇಷ ಮಾಡಿಕೊಂಡು, ದೇವರನ್ನೂ ಧಣಿಗಳನ್ನೂ ಬೈಯುತ್ತಾ ಕುಣಿದು ಬರುತ್ತಾರೆ. ಅವರಲ್ಲಿ ಯಾರೂ ಕಲಾಶಾಲೆಗೆ ಹೋದವರಲ್ಲ. ಆದರೆ ಚಿಕ್ಕಂದಿನಿಂದ ದೊಡ್ಡವರ ಪಕ್ಕದಲ್ಲಿ ಕುಣಿದಿದ್ದಾರೆ, ತಗಡು ಬಡಿದಿದ್ದಾರೆ, ಯಾರೂ "ಸುಮ್ನಿರು" ಅಂದಿಲ್ಲ. ಅಂದರೆ ಹಾಕಿಯ ಕತೆಯೇ. ಜಾಗ, ಸಾಮಾನು, ಜೊತೆಗೊಬ್ಬರು, ನೋಡುವ ಜನ.

ಆ ಮಗು ಶಾಲೆಗೆ ಬಂದ ಮೇಲೆ ಏನಾಗುತ್ತದೆ? ವರ್ಷವಿಡೀ 'ಕಲಿಕೆಯಲ್ಲಿ ಹಿಂದುಳಿದ ಮಗು'. ವಾರ್ಷಿಕೋತ್ಸವದ ದಿನ ಮಾತ್ರ ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಬಿಳಿ ಚುಕ್ಕೆ ಇಟ್ಟು ಎಂಎಲ್ಎ ಮುಂದೆ 'ಆದಿವಾಸಿ ನೃತ್ಯ'. ಎಲ್ಲೋ ಸಿನಿಮಾದಲ್ಲಿ ನೋಡಿದ ಕುಣಿತ. ಅವರ ಮನೆಯಲ್ಲಿ ಯಾರೂ ಸೊಪ್ಪು ಕಟ್ಟುವುದಿಲ್ಲ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅದೇ ಹುಡುಗ ಡೆಸ್ಕ್ ಮೇಲೆ ತಾಳ ಹಾಕಿದಾಗ ಬೆರಳಿಗೆ ಸ್ಕೇಲ್ ಪೆಟ್ಟು ಬಿದ್ದಿದ್ದೂ ನನಗೆ ಗೊತ್ತು.

ವಾರ್ಷಿಕೋತ್ಸವವನ್ನೇ ಕಲಾ ಶಿಕ್ಷಣ ಅಂದುಕೊಂಡವರು ಬಹಳ. ಪೇಟೆಯಿಂದ ಡ್ಯಾನ್ಸ್ ಮಾಸ್ಟರ್, ಬಾಡಿಗೆ ಡ್ರೆಸ್ಸು, ಸಿನಿಮಾ ಹಾಡು. ಮಕ್ಕಳು ಖುಷಿ ಪಡುತ್ತಾರೆ, ಪಡಲಿ. ಆದರೆ ಅಲ್ಲಿ ಮಗು ಒಂದೇ ಒಂದು ನಿರ್ಧಾರವನ್ನೂ ತಾನಾಗಿ ಮಾಡಿರುವುದಿಲ್ಲ. ಪ್ರಾಜೆಕ್ಟ್ ವರ್ಕಿನ ಕತೆಯೂ ಅಷ್ಟೆ, ರಾತ್ರಿ ಹನ್ನೊಂದಕ್ಕೆ ಅಮ್ಮಂದಿರು ಥರ್ಮಾಕೋಲ್ ಕತ್ತರಿಸುತ್ತಾ ಕೂತಿರುತ್ತೇವೆ. ಪ್ರತಿಭಾ ಕಾರಂಜಿ ಒಳ್ಳೆಯ ಕಾರ್ಯಕ್ರಮ. ಸರ್ಕಾರಿ ಶಾಲೆಯ ಮಗು ಕ್ಲಸ್ಟರಿನಿಂದ (ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪು) ರಾಜ್ಯದವರೆಗೆ ಹೋಗುವ ದಾರಿ ಅದು. ಮಣ್ಣಿನ ಗೊಂಬೆ, ಮಿಮಿಕ್ರಿ, ರಂಗೋಲಿ ಎಲ್ಲ ಇದೆ. ಆದರೆ ಬಿತ್ತನೆಯೇ ಮಾಡದೆ ಕೊಯ್ಲಿಗೆ ಕತ್ತಿ ಹಿಡಿದು ನಿಂತ ಹಾಗೆ ಆಗಿದೆ ನಮ್ಮ ಸ್ಥಿತಿ. ಸ್ಪರ್ಧೆಗೆ ಹದಿನೈದು ದಿನ ಇರುವಾಗ, ಮೊದಲೇ ಚೆನ್ನಾಗಿ ಮಾಡುವ ಇಬ್ಬರನ್ನು ಆರಿಸಿ ತಯಾರು ಮಾಡುತ್ತೇವೆ. ಉಳಿದವರು ಚಪ್ಪಾಳೆ ತಟ್ಟಲು.

ಹಾಗಾದರೆ ಏನು ಮಾಡಬೇಕು? ನೀತಿಗಳಿಗೆ ಬರ ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಬಂದ ವರದಿ, ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯ ಆಗಬೇಕು ಅಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ, ವಿಜ್ಞಾನದ ನಡುವೆ ಗೋಡೆ ಬೇಡ ಅಂದಿತು. ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗ್ ಇಲ್ಲದೆ ಊರಿನ ಬಡಗಿ, ಕುಂಬಾರ, ಕಲಾವಿದರ ಹತ್ತಿರ ಕಲಿಯಲಿ ಅಂತಲೂ ಬರೆದಿದೆ. ಆ ನೀತಿ ಬೇಕು, ಬೇಡ ಅನ್ನುವ ಜಗಳ ಬೆಂಗಳೂರಿನಲ್ಲಿ ನಡೆಯಲಿ. ಊರಿನ ಬಡಗಿಯ ಹತ್ತಿರ ಮಕ್ಕಳು ಕೂರುವುದಕ್ಕೆ ಯಾವ ಪಕ್ಷದವರ ತಕರಾರೂ ಇರಲಿಕ್ಕಿಲ್ಲ.

ಇದನ್ನು ನಮ್ಮಲ್ಲಿ ಹಿಂದೆಯೇ ಮಾಡಿ ನೋಡಿದವರೂ ಇದ್ದಾರೆ. ಸಂಪಾಜೆ ಘಾಟಿ ಇಳಿದು ಸುಳ್ಯ ದಾಟಿದರೆ 'ಬಾಲವನ'ದ ಪುತ್ತೂರು. ಶಿವರಾಮ ಕಾರಂತರು ಅಲ್ಲಿ ಮಕ್ಕಳನ್ನು ಸೇರಿಸಿಕೊಂಡು ನಾಟಕ, ಕುಣಿತ, ಆಟಗಳ ಮೂಲಕ ಕಲಿಸುವ ಪ್ರಯೋಗ ಮಾಡಿದ್ದು ಸ್ವಾತಂತ್ರ್ಯಕ್ಕೂ ಮೊದಲು. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ಮಾಡುತ್ತದೆ. ಮೈಸೂರಿನಲ್ಲಿ ಚಿಕ್ಕಮ್ಮನೋ ಅತ್ತೆಯೋ ಇರುವ ನಮ್ಮ ಮಕ್ಕಳು ಹೋಗಿ ಬರುತ್ತಾರೆ. ಬಂದವರು ಒಂದು ತಿಂಗಳು ಮನೆಯಲ್ಲೆಲ್ಲ ಹಾಡಿಕೊಂಡು ತಿರುಗುತ್ತಾರೆ. ಚಿಕ್ಕಮ್ಮ ಇಲ್ಲದವರು?

ನನ್ನ ಪ್ರಕಾರ ಸಣ್ಣ ಶಾಲೆಗಳ ಈ ಜಿಲ್ಲೆಗೆ ಆಗಿಬರುವುದು ಕ್ಲಸ್ಟರ್ ಲೆಕ್ಕ. ಪ್ರತಿ ಶಾಲೆಗೂ ಡ್ರಾಯಿಂಗ್ ಮೇಷ್ಟ್ರು ಬೇಡ. ನಾಲ್ಕೈದು ಶಾಲೆಗೆ ಒಬ್ಬರು ಸಾಕು, ಸೋಮವಾರ ಇಲ್ಲಿ, ಮಂಗಳವಾರ ಅಲ್ಲಿ. ಹೇಗೂ ಪ್ರತಿಭಾ ಕಾರಂಜಿಗೆ ಕ್ಲಸ್ಟರ್ ಬೇಕು, ಮೀಟಿಂಗಿಗೆ ಕ್ಲಸ್ಟರ್ ಬೇಕು, ಮೇಷ್ಟ್ರಿಗೂ ಅದೇ ಕ್ಲಸ್ಟರ್ ಆಗಲಿ. ನೂರರ ಲೆಕ್ಕವನ್ನು ಒಂದೊಂದು ಶಾಲೆಗೆ ಹಾಕುವ ಬದಲು ಕ್ಲಸ್ಟರಿಗೆ ಹಾಕಿದರೆ ಕಾಯ್ದೆಯ ಉದ್ದೇಶವೂ ಉಳಿಯುತ್ತದೆ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಓದಿ ಬಂದು, ಇಲ್ಲಿ ಫ್ಲೆಕ್ಸ್ ಡಿಸೈನ್ ಮಾಡಿಕೊಂಡು ಕೂತ ಹುಡುಗರನ್ನು ನಾನು ನೋಡಿದ್ದೇನೆ. ಕೇಳಿದರೆ ಬರುತ್ತಾರೆ.

ಅಲ್ಲಿಯವರೆಗೆ ಕಾಯುವುದು ಬೇಡ ಅಂತ ನಾವು ಒಂದು ಸಣ್ಣ ಪ್ರಯತ್ನಕ್ಕೆ ಹೊರಟಿದ್ದೇವೆ. ನಮ್ಮೂರಲ್ಲಿ ಮೇದರ ಒಬ್ಬರು ಅಜ್ಜ ಇದ್ದಾರೆ. ಬಿದಿರು ಸೀಳಿ ಕುಕ್ಕೆ ಹೆಣೆಯುತ್ತಾರೆ, ಹಬ್ಬದಲ್ಲಿ ಪರೆ ಅನ್ನುವ ಚರ್ಮವಾದ್ಯ ಬಡಿಯುತ್ತಾರೆ. ಅವರನ್ನು ಬ್ಯಾಗ್ ಇಲ್ಲದ ಶನಿವಾರ ಶಾಲೆಗೆ ಕರೆಯೋಣ ಅಂದೆ. ಹೆಡ್‌ಮೇಷ್ಟ್ರು ಒಪ್ಪಿದರು. ಅಜ್ಜ ಮಾತ್ರ ಒಂದು ಪ್ರಶ್ನೆ ಕೇಳಿದರು: "ಅಮ್ಮಾ, ಶನಿವಾರ ಬಂದ್ರೆ ನನ್ನ ಒಂದು ದಿನದ ಕುಕ್ಕೆ ಹೋಯ್ತಲ್ಲಾ, ಅದಕ್ಕೇನು ಕೊಡ್ತೀರಿ?" ಸರಿಯಾದ ಪ್ರಶ್ನೆ. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು ನಮಗೆ ಚೆನ್ನಾಗಿ ಗೊತ್ತು. ಕೂಲಿ ಕೊಡಲು ಶಾಲೆಯ ಲೆಕ್ಕದಲ್ಲಿ ಬಾಬತ್ತು ಇಲ್ಲ. ಕೊನೆಗೆ, ಎಸ್‌ಡಿಎಂಸಿಯಲ್ಲಿರುವ ತೋಟದವರು ತಲೆಗೆ ಒಂದು ಚೀಲ ರೋಬಸ್ಟಾ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ದುಡ್ಡು ಹಾಕಬೇಕು ಅಂತ ಮಾತಿಟ್ಟೆ. ಕಾಫಿಗೆ ಎರಡು ಮೂರು ವರ್ಷದಿಂದ ಅಜ್ಜನ ಕಾಲದಲ್ಲೂ ಕಾಣದ ರೇಟು ಬಂದಿದೆ. ಒಂದು ಚೀಲದಲ್ಲಿ ನಮ್ಮಂಥ ಸಣ್ಣ ಶಾಲೆಗೆ ವರ್ಷಕ್ಕೆ ಬೇಕಾದ ಹಾಳೆ, ಬಣ್ಣ, ಬ್ರಷ್ ಬರುತ್ತದೆ. ಇನ್ನೊಂದು ಚೀಲದಲ್ಲಿ ಅಜ್ಜನ ಶನಿವಾರಗಳು.

ಇಬ್ಬರು ಕೂಡಲೇ ಹೂಂ ಅಂದರು. ಒಬ್ಬರು, ಆ ದುಡ್ಡಿಗೆ ಕಂಪ್ಯೂಟರ್ ತರೋಣ ಅಂದರು. ಇನ್ನೊಬ್ಬರು ಹಾಕಿ ಸ್ಟಿಕ್ ಅಂದರು. ಜೂನ್ ಮೊದಲ ವಾರ ಮತ್ತೆ ಸಭೆ ಇದೆ.